ಮುಂಬೈಯ ಹೆಸರುವಾಸಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿನಿಮಾ, ಪತ್ರಿಕೆ, ವ್ಯಾಪಾರ, ಸೌಂದರ್ಯ. ಮುಂಬೈಯಲ್ಲಿ ಇವು ನಾಲ್ಕು ಬೇರೆ ಬೇರೆ ಬೀದಿಗಳಲ್ಲ, ಒಂದೇ ವಠಾರದ ನಾಲ್ಕು ಮನೆಗಳು. ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮೂಗಿಗೆ ಬಡಿಯುತ್ತದೆ. ಒಂದು ಮನೆಯಲ್ಲಿ ಗಳಿಸಿದ ಹೆಸರು ಪಕ್ಕದ ಮನೆಯಲ್ಲಿ ಚಲಾವಣೆ ಆಗುತ್ತದೆ. ಅಲ್ಲಿನ ದೊಡ್ಡ ಹೆಸರುಗಳ ಮಾತು ಬಂದಾಗೆಲ್ಲ ನನ್ನ ಕಿವಿಗೆ ಬಿದ್ದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೆಲವಕ್ಕೆ ಉದ್ದದ ಉತ್ತರ ಇದೆ, ಕೆಲವಕ್ಕೆ ಎರಡೇ ಸಾಲು.

ಇಷ್ಟೊಂದು ಊರುಗಳಿರುವಾಗ ಮುಂಬೈಯೇ ಯಾಕೆ?

ದುಡ್ಡು ಮೊದಲು ಅಲ್ಲಿತ್ತು, ಅದಕ್ಕೆ. ಬಂದರು, ಹತ್ತಿ ಗಿರಣಿ, 1875ರಲ್ಲಿ ಶುರುವಾದ ಷೇರುಪೇಟೆ. ದುಡ್ಡಿದ್ದ ಕಡೆ ಜಾಹೀರಾತು, ಜಾಹೀರಾತು ಇದ್ದ ಕಡೆ ಪತ್ರಿಕೆ. ಏಷ್ಯಾದಲ್ಲಿ ಇವತ್ತಿಗೂ ನಡೆಯುತ್ತಿರುವ ಅತಿ ಹಳೆಯ ಪತ್ರಿಕೆ, ಗುಜರಾತಿಯ ಬಾಂಬೆ ಸಮಾಚಾರ್, ಹುಟ್ಟಿದ್ದು 1822ರಲ್ಲಿ ಇದೇ ಊರಿನಲ್ಲಿ. 1896ರ ಜುಲೈ 7ರಂದು ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ತೋರಿಸಿದಾಗ ಮೂರನೇ ಮನೆಗೂ ಬಾಡಿಗೆದಾರರು ಬಂದಂತಾಯಿತು. ಪತ್ರಿಕೆಯ ಮುಖಪುಟಕ್ಕೆ ಒಂದು ಮುಖ ಬೇಕು, ಸೋಪಿನ ಜಾಹೀರಾತಿಗೂ ಒಂದು ಮುಖ ಬೇಕು. ಸಿನಿಮಾ ಅದನ್ನು ಕೊಟ್ಟಿತು.

ಈ ಹೆಸರುವಾಸಿಗಳೆಲ್ಲ ಮುಂಬೈಯಲ್ಲೇ ಹುಟ್ಟಿದವರಾ?

ಬಹಳ ಜನ ಅಲ್ಲ. ದಿಲೀಪ್ ಕುಮಾರ್ ಪೇಶಾವರದವರು. ಅಮಿತಾಭ್ ಬಚ್ಚನ್ ಅಲಹಾಬಾದಿನವರು. ಶಾರುಖ್ ಖಾನ್ ದೆಹಲಿಯವರು. ಧೀರೂಭಾಯಿ ಅಂಬಾನಿ ಗುಜರಾತಿನ ಚೋರ್ವಾಡದಿಂದ ಏಡನ್‌ಗೆ ಹೋಗಿ ದುಡಿದು, 1958ರಲ್ಲಿ ಬಾಂಬೆಗೆ ಬಂದು ಮಸಾಲೆ ಮತ್ತು ನೂಲಿನ ವ್ಯಾಪಾರ ಹಿಡಿದವರು. ಜೀ ಟೀವಿಯ ಸುಭಾಷ್ ಚಂದ್ರ ಹರಿಯಾಣದ ಹಿಸಾರ್ ಕಡೆಯವರು.

ದಿಲೀಪ್ ಕುಮಾರ್ ಕಥೆ ನನಗೆ ತುಂಬಾ ಇಷ್ಟ. ಆಗ ಅವರು ಯೂಸುಫ್ ಖಾನ್. 1942ರಲ್ಲಿ ಕೆಲಸ ಹುಡುಕುತ್ತಾ ಬಾಂಬೆ ಟಾಕೀಸ್ ಎಂಬ ಸಿನಿಮಾ ಸ್ಟುಡಿಯೋಗೆ ಹೋದರು. ಅಲ್ಲಿ ಯಜಮಾನಿ ನಟಿ ದೇವಿಕಾ ರಾಣಿ. ನೋಡಿದರು, ಮಾತಾಡಿಸಿದರು, 1,250 ರೂಪಾಯಿ ಸಂಬಳ ಎಂದರು. ಯೂಸುಫ್ ಅದನ್ನು ವರ್ಷದ ಸಂಬಳ ಅಂದುಕೊಂಡು ಮನೆಗೆ ಬಂದರಂತೆ. ಅದು ತಿಂಗಳಿಗೆ ಅಂತ ಆಮೇಲೆ ಗೊತ್ತಾಯಿತು.

ನಮ್ಮ ಕಡೆಯಿಂದ ಹೋಗಿ ಅಲ್ಲಿ ಹೆಸರು ಮಾಡಿದವರು ಯಾರು?

ಇದಕ್ಕೆ ಪಟ್ಟಿ ಕೊಡುವುದು ಸುಲಭ. ಆದರೆ ಪಟ್ಟಿ ಬೇಡ, ನನಗೆ ಬೇಕಾದವರನ್ನಷ್ಟೇ ಹೇಳುತ್ತೇನೆ.

ಆರ್.ಕೆ. ಲಕ್ಷ್ಮಣ್ ಮೈಸೂರಿನವರು. ಚಿತ್ರ ಕಲಿಯೋಣ ಎಂದು ಬಾಂಬೆಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ಸೇರಿಸಿಕೊಳ್ಳುವಷ್ಟು ಪ್ರತಿಭೆ ನಿಮ್ಮ ಚಿತ್ರಗಳಲ್ಲಿ ಕಾಣುತ್ತಿಲ್ಲ ಎಂದು ಉತ್ತರ ಬಂತು. ಸರಿ, ಮಹಾರಾಜಾ ಕಾಲೇಜಿನಲ್ಲಿ ಓದಿದರು. ರಾ.ಶಿ. ಅವರ ಹಾಸ್ಯಪತ್ರಿಕೆ ಕೊರವಂಜಿಗೆ ಚಿತ್ರ ಬರೆದರು. ಕೊನೆಗೆ ಬೇಡ ಎಂದಿದ್ದ ಊರಿಗೇ ಹೋದರು. ಫ್ರೀ ಪ್ರೆಸ್ ಜರ್ನಲ್‌ನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಜೊತೆಗಿದ್ದ ಇನ್ನೊಬ್ಬ ವ್ಯಂಗ್ಯಚಿತ್ರಕಾರ ಬಾಳ್ ಠಾಕ್ರೆ. ಆಮೇಲೆ ಟೈಮ್ಸ್ ಆಫ್ ಇಂಡಿಯಾ ಸೇರಿದರು. 1951ರಿಂದ ಚೌಕುಳಿ ಕೋಟು, ಪಂಚೆ ತೊಟ್ಟ ಶ್ರೀಸಾಮಾನ್ಯ ಒಂದು ಮೂಲೆಯಲ್ಲಿ ನಿಂತು ಎಲ್ಲವನ್ನೂ ನೋಡಿದ. ಬಾಯಿ ಮಾತ್ರ ಬಿಡಲಿಲ್ಲ. ಬಣ್ಣದ ಡಬ್ಬಿ ಮತ್ತು ಬ್ರಷ್ ಹಿಡಿದ ಏಷ್ಯನ್ ಪೇಂಟ್ಸ್‌ನ ತುಂಟ ಹುಡುಗ ಗಟ್ಟು ನೆನಪಿದೆಯಾ? ಅವನೂ 1954ರಲ್ಲಿ ಲಕ್ಷ್ಮಣ್ ಕೈಯಲ್ಲೇ ಹುಟ್ಟಿದವನು. ಪತ್ರಿಕೆಯ ಕೈ, ಬಣ್ಣದ ಅಂಗಡಿಯ ಗೋಡೆ. ವಠಾರ ಅಂದೆನಲ್ಲ, ಇದೇ.

ಗುರುದತ್ ಹುಟ್ಟಿದ್ದು 1925ರಲ್ಲಿ ಬೆಂಗಳೂರಿನಲ್ಲಿ. ಮನೆಮಾತು ಕೊಂಕಣಿ, ಮನೆತನದ ಹೆಸರು ಪಡುಕೋಣೆ. 39ನೇ ವಯಸ್ಸಿಗೇ ತೀರಿಕೊಂಡರು. ಅವರ ಸಿನಿಮಾಗಳ ಬೆಳಕು ನೆರಳನ್ನು ಹೊಗಳುವವರು ಒಂದು ಹೆಸರನ್ನು ಸೇರಿಸಿ ಹೇಳಬೇಕು: ಮೈಸೂರಿನ ವಿ.ಕೆ. ಮೂರ್ತಿ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, 1959ರ ಕಾಗಜ್ ಕೆ ಫೂಲ್‌ನಲ್ಲಿ, ಖಾಲಿ ಸ್ಟುಡಿಯೋದೊಳಗೆ ಮೇಲಿನಿಂದ ಕಂಬದ ಹಾಗೆ ಬೆಳಕು ಇಳಿಯುವ ಒಂದು ದೃಶ್ಯ ಇದೆ. ಮೂರ್ತಿ ಅದಕ್ಕೆ ದೊಡ್ಡ ದೀಪ ತರಿಸಲಿಲ್ಲ. ಎರಡು ದೊಡ್ಡ ಕನ್ನಡಿ ಇಟ್ಟು ಹೊರಗಿನ ಬಿಸಿಲನ್ನೇ ಒಳಗೆ ಎಳೆದುಕೊಂಡರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಇವರೇ. 2008ನೇ ಸಾಲಿನ ಪ್ರಶಸ್ತಿ ಕೈಗೆ ಬರುವ ಹೊತ್ತಿಗೆ ವಯಸ್ಸು 85 ದಾಟಿತ್ತು.

ಕರಾವಳಿಯವರ ದಾರಿಯೇ ಬೇರೆ. ಅವರಲ್ಲಿ ಬಹಳ ಜನ ಹೋಟೆಲಿನ ಬಾಗಿಲಿನಿಂದ ಒಳಗೆ ಹೋದರು. ಮೂಲ್ಕಿಯಲ್ಲಿ ಹುಟ್ಟಿದ ಸುನಿಲ್ ಶೆಟ್ಟಿ, ತಮ್ಮ ತಂದೆ ಚಿಕ್ಕ ಹುಡುಗನಾಗಿ ಬಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದರು, ಮುಂದೆ ತಾವು ಕೆಲಸಕ್ಕಿದ್ದ ಕಟ್ಟಡಗಳನ್ನೇ ಕೊಂಡರು ಎಂದು ಹೇಳಿಕೊಂಡಿದ್ದಾರೆ. ಐಶ್ವರ್ಯಾ ರೈ, ಶಿಲ್ಪಾ ಶೆಟ್ಟಿ ಇಬ್ಬರೂ ಮಂಗಳೂರಿನಲ್ಲಿ ಹುಟ್ಟಿದವರು, ಇಬ್ಬರದೂ ತುಳು ಮನೆಮಾತು. ದೀಪಿಕಾ ಪಡುಕೋಣೆ ಹುಟ್ಟಿದ್ದು ಕೋಪನ್‌ಹೇಗನ್‌ನಲ್ಲಿ, ಬೆಳೆದದ್ದು ಬೆಂಗಳೂರಿನಲ್ಲಿ, ಮೊದಲ ಸಿನಿಮಾ ಮಾಡಿದ್ದು ಕನ್ನಡದಲ್ಲಿ, 2006ರಲ್ಲಿ.

ಮೊದಲ ಮಿಸ್ ಇಂಡಿಯಾ ಯಾರು?

ಎಸ್ತರ್ ವಿಕ್ಟೋರಿಯಾ ಅಬ್ರಹಾಂ, 1947. ಕಲ್ಕತ್ತೆಯ ಯಹೂದಿ ಮನೆತನದವರು. ಬಾಂಬೆಯ ಸಿನಿಮಾದಲ್ಲಿ ಪ್ರಮೀಳಾ ಎಂದು ಹೆಸರಾಗಿದ್ದರು. ನಟನೆಯಷ್ಟೇ ಅಲ್ಲ, ಸಿಲ್ವರ್ ಪ್ರೊಡಕ್ಷನ್ಸ್ ಹೆಸರಿನಲ್ಲಿ ಸಿನಿಮಾಗಳನ್ನು ನಿರ್ಮಿಸಿದರು. ಮಗಳು ನಖೀ ಜಹಾನ್ 1967ರಲ್ಲಿ ಮಿಸ್ ಇಂಡಿಯಾ ಆದರು. ತಾಯಿ ಮಗಳು ಇಬ್ಬರ ತಲೆಗೂ ಅದೇ ಕಿರೀಟ!

ಡಾಕ್ಟರ್ ಆದ ಮಿಸ್ ವರ್ಲ್ಡ್ ಒಬ್ಬರಿದ್ದಾರಂತೆ, ಹೌದಾ?

ಹೌದು, ರೀಟಾ ಫಾರಿಯಾ. ಬಾಂಬೆಯ ಗ್ರಾಂಟ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿ. ಈವ್ಸ್ ವೀಕ್ಲಿ ಪತ್ರಿಕೆಯ ಸ್ಪರ್ಧೆಯಲ್ಲಿ ಗೆದ್ದು, 1966ರ ನವೆಂಬರಿನಲ್ಲಿ ಲಂಡನ್‌ಗೆ ಹೋದರು. ಸೀರೆಯೂ ಎರವಲು, ಈಜುಡುಗೆಯೂ ಎರವಲು. ಕಿರೀಟ ಮಾತ್ರ ಸ್ವಂತದ್ದು. ಏಷ್ಯಾಕ್ಕೆ ಬಂದ ಮೊದಲ ಮಿಸ್ ವರ್ಲ್ಡ್ ಅದು. ಈಜುಡುಗೆ ಕೊಟ್ಟವರು ಪರ್ಸಿಸ್ ಖಂಬಾಟಾ ಎನ್ನುತ್ತಾರೆ. ಆಕೆ ಹಿಂದಿನ ವರ್ಷದ ಮಿಸ್ ಇಂಡಿಯಾ. 1979ರಲ್ಲಿ ತಲೆ ಬೋಳಿಸಿಕೊಂಡು ಹಾಲಿವುಡ್‌ನ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ಕಾಣಿಸಿಕೊಂಡವರು.

ರೀಟಾಗೆ ಸಿನಿಮಾ ಅವಕಾಶಗಳು ಬಂದವು. ಬೇಡ ಎಂದರು. ಒಂದು ವರ್ಷ ಕಿರೀಟದ ಕೆಲಸ ಮಾಡಿದರು, ಮತ್ತೆ ಪುಸ್ತಕ ಹಿಡಿದರು, ಡಾಕ್ಟರ್ ಆಗಿ ಐರ್ಲೆಂಡಿನಲ್ಲಿ ನೆಲೆಸಿದರು. ನಾನು ಇಲ್ಲಿ ಹೇಳುತ್ತಿರುವ ನಾಲ್ಕು ಮನೆಗಳ ಆಟದಿಂದ ಎದ್ದು ಹೋದವರು ಕಡಿಮೆ. ಅವರಲ್ಲಿ ಇವರು ಮೊದಲಿಗರು.

1994ರಲ್ಲಿ ಎರಡೆರಡು ಕಿರೀಟ ಬಂದದ್ದು ಕಾಸ್ಮೆಟಿಕ್ಸ್ ಕಂಪನಿಗಳ ಆಟ ಅಂತಾರಲ್ಲ?

ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದೇ. ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಲೆಕ್ಕ ನೋಡಿ. 1966ರ ನಂತರ 28 ವರ್ಷ ಆ ಎರಡು ದೊಡ್ಡ ಕಿರೀಟಗಳಲ್ಲಿ ಒಂದೂ ಇಲ್ಲ. 1991ರಲ್ಲಿ ಮಾರುಕಟ್ಟೆ ತೆರೆಯಿತು. 1994ರಲ್ಲಿ ಸುಶ್ಮಿತಾ ಸೇನ್ ಮಿಸ್ ಯೂನಿವರ್ಸ್, ಐಶ್ವರ್ಯಾ ರೈ ಮಿಸ್ ವರ್ಲ್ಡ್. 1997ರಲ್ಲಿ ಡಯಾನಾ ಹೇಡನ್, 1999ರಲ್ಲಿ ಯುಕ್ತಾ ಮುಖಿ, 2000ದಲ್ಲಿ ಲಾರಾ ದತ್ತಾ ಮತ್ತು ಪ್ರಿಯಾಂಕಾ ಚೋಪ್ರಾ. ಏಳು ವರ್ಷದಲ್ಲಿ ಆರು. ಲೋರಿಯಲ್, ರೆವ್ಲಾನ್‌ನಂಥ ಕಂಪನಿಗಳು ಭಾರತಕ್ಕೆ ಕಾಲಿಟ್ಟದ್ದೂ ಅದೇ ದಶಕದಲ್ಲಿ.

ಆದರೆ ಮುಂದಿನ ಲೆಕ್ಕವನ್ನೂ ನೋಡಬೇಕು. 2000ದ ನಂತರ ಇಲ್ಲಿನ ಮೇಕಪ್ ಮಾರುಕಟ್ಟೆ ಇನ್ನೂ ಬೆಳೆಯಿತು. ಕಿರೀಟ ಮಾತ್ರ 17 ವರ್ಷ ಬರಲಿಲ್ಲ. 2017ರಲ್ಲಿ ಮಾನುಷಿ ಛಿಲ್ಲರ್ ಗೆದ್ದರು, 2021ರಲ್ಲಿ ಹರ್ನಾಜ್ ಸಂಧು. ಮಾರುಕಟ್ಟೆಗಾಗಿಯೇ ಕಿರೀಟ ಕೊಡುತ್ತಿದ್ದರೆ ಆ ವರ್ಷಗಳಲ್ಲಿ ಸಾಲಾಗಿ ಬರಬೇಕಿತ್ತು, ಅಲ್ವಾ?

ನನಗೆ ಅನ್ನಿಸುವುದು ಹೀಗೆ. ಸಂಚು ಅಂತ ಹುಡುಕುವ ಬದಲು ತಯಾರಿ ನೋಡಿ. ಮಿಸ್ ಇಂಡಿಯಾ ಸ್ಪರ್ಧೆ ನಡೆಸುತ್ತಿದ್ದದ್ದು ಟೈಮ್ಸ್ ಸಂಸ್ಥೆಯ ಫೆಮಿನಾ ಪತ್ರಿಕೆ. 90ರ ದಶಕದಲ್ಲಿ ಅದಕ್ಕೆ ಹೊಸ ರೂಪ ಕೊಟ್ಟವರು ಪ್ರದೀಪ್ ಗುಹಾ. ಅವರು ಸಂಪಾದಕರಲ್ಲ, ಅದೇ ಸಂಸ್ಥೆಯ ಜಾಹೀರಾತು ವಿಭಾಗದ ದೊಡ್ಡ ಕುಳ. ಗೆದ್ದ ಹುಡುಗಿಯರಿಗೆ ನಡಿಗೆ, ಮಾತು, ಊಟ, ಕೂದಲು, ಹಲ್ಲು, ಎಲ್ಲಕ್ಕೂ ಬೇರೆ ಬೇರೆ ತಜ್ಞರಿಂದ ತರಬೇತಿ ಶುರುವಾಯಿತು. ಪರೀಕ್ಷೆಗೆ ಕೋಚಿಂಗ್ ಇದ್ದ ಹಾಗೆ. ಎದುರಾಳಿ ದೇಶಗಳಲ್ಲಿ ವೆನೆಜುವೆಲಾ ಇದನ್ನು ಎಷ್ಟೋ ಮೊದಲೇ ಮಾಡಿತ್ತು.

ಇಷ್ಟು ಹೇಳಿದ ಮೇಲೆ ಒಂದು ಮಾತು. 1994ರ ಮಿಸ್ ಇಂಡಿಯಾ ವೇದಿಕೆಯಲ್ಲಿ ಸುಶ್ಮಿತಾ ತೊಟ್ಟ ಗೌನು ಹೊಲಿದದ್ದು ಮನೆ ಹತ್ತಿರದ ದರ್ಜಿ. ಕೈಗವಸು ಮಾಡಿದ್ದು ಹೊಸ ಕಾಲುಚೀಲ ಕತ್ತರಿಸಿ. ಇದನ್ನು ಅವರೇ ನಗುತ್ತಾ ಹೇಳಿಕೊಂಡಿದ್ದಾರೆ. ಯಾವ ಕಂಪನಿಯೂ ಅಷ್ಟು ಅಗ್ಗಕ್ಕೆ ಸಂಚು ಮಾಡುವುದಿಲ್ಲ.

ಲಕ್ಮೆ ಅಂದರೆ ಲಕ್ಷ್ಮಿನಾ?

ಹೌದು, ಆದರೆ ಪ್ಯಾರಿಸ್ ಸುತ್ತಿ ಬಂದ ಲಕ್ಷ್ಮಿ. ಫ್ರಾನ್ಸಿನ ಲಿಯೋ ದಲೀಬ್ ಎಂಬ ಸಂಗೀತಗಾರ 1883ರಲ್ಲಿ ಲಕ್ಮೆ ಎಂಬ ಆಪೆರಾ ಕಟ್ಟಿದ. ಕಥೆ ನಡೆಯುವುದು ಭಾರತದಲ್ಲಿ. ನಾಯಕಿ ಒಬ್ಬ ಪುರೋಹಿತನ ಮಗಳು. ಲಕ್ಷ್ಮಿ ಎಂಬ ಹೆಸರು ಫ್ರೆಂಚ್ ನಾಲಗೆಯಲ್ಲಿ ಲಕ್ಮೆ ಆಯಿತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅನುಕೂಲಸ್ಥ ಹೆಂಗಸರು ವಿದೇಶಿ ಪೌಡರು, ಲಿಪ್‌ಸ್ಟಿಕ್ಕಿಗೆ ಸುರಿಯುತ್ತಿದ್ದ ವಿದೇಶಿ ವಿನಿಮಯ ನೆಹರೂ ಅವರಿಗೆ ಚಿಂತೆಯಾಗಿತ್ತು. ಜೆ.ಆರ್.ಡಿ. ಟಾಟಾ ಅವನ್ನು ನಮ್ಮ ದೇಶದಲ್ಲೇ ಮಾಡುವ ಕೆಲಸ ಹಿಡಿದರು. 1952ರಲ್ಲಿ ಫ್ರೆಂಚ್ ಕಂಪನಿಗಳ ನೆರವಿನಿಂದ ಲಕ್ಮೆ ಶುರುವಾಯಿತು. ಫ್ರೆಂಚಿನವರಿಗೂ ನಮ್ಮವರಿಗೂ ಒಪ್ಪುವ ಹೆಸರು ಅದೊಂದೇ ಇತ್ತೇನೋ.

ಬೆಳೆಸಿದವರು ಮಾತ್ರ ಸಿಮೋನ್ ಟಾಟಾ. ಜಿನೀವಾದ ಹುಡುಗಿ, ಪ್ರವಾಸಕ್ಕೆಂದು ಬಂದವರು, 1955ರಲ್ಲಿ ನವಲ್ ಟಾಟಾ ಅವರನ್ನು ಮದುವೆಯಾದರು. 1961ರಲ್ಲಿ ಲಕ್ಮೆ ಆಡಳಿತ ಮಂಡಳಿಗೆ ಬಂದರು, 1982ರಲ್ಲಿ ಅಧ್ಯಕ್ಷೆ ಆದರು. ಒಳ್ಳೆಯ ಮನೆಯ ಹೆಣ್ಣುಮಕ್ಕಳು ಮೇಕಪ್ ಹಚ್ಚುವುದಿಲ್ಲ ಎಂಬ ಮಾತು ಗಟ್ಟಿಯಾಗಿದ್ದ ಕಾಲ. ಅದರ ಎದುರಿಗೆ ಕಾಡಿಗೆ, ಉಗುರು ಬಣ್ಣ ಮಾರಿದ್ದು ಸಣ್ಣ ಸಾಹಸವಲ್ಲ. 90ರ ದಶಕದ ಕೊನೆಗೆ ಟಾಟಾದವರು ಲಕ್ಮೆಯನ್ನು ಹಿಂದೂಸ್ತಾನ್ ಲಿವರ್‌ಗೆ ಮಾರಿದರು. ಆ ದುಡ್ಡು ಬಟ್ಟೆ ಅಂಗಡಿಗೆ ಹೋಯಿತು. ಬೆಂಗಳೂರಿನಲ್ಲಿದ್ದ ಲಿಟಲ್‌ವುಡ್ಸ್ ಅಂಗಡಿ ಕೊಂಡು ವೆಸ್ಟ್‌ಸೈಡ್ ಮಾಡಿದರು. ಅಂದರೆ ಲಿಪ್‌ಸ್ಟಿಕ್ಕಿನ ದುಡ್ಡಲ್ಲಿ ನಮ್ಮ ಕುರ್ತಾ.

ನೈಕಾದ ಫಾಲ್ಗುಣಿ ನಾಯರ್ ಸಿನಿಮಾದವರಾ?

ಅಲ್ಲ, ಬ್ಯಾಂಕಿನವರು. ಅಹಮದಾಬಾದಿನ ಐಐಎಂನಲ್ಲಿ ಓದಿ, ಕೋಟಕ್‌ನಲ್ಲಿ 18 ವರ್ಷ ಇದ್ದು, ಬೇರೆಯವರ ಕಂಪನಿಗಳನ್ನು ಷೇರುಪೇಟೆಗೆ ದಾಟಿಸುವ ಕೆಲಸ ಮಾಡಿದವರು. 50 ತುಂಬುವ ಮುಂಚೆ, 2012ರಲ್ಲಿ, ಕೆಲಸ ಬಿಟ್ಟು, ಮೇಕಪ್ ಸಾಮಾನನ್ನು ಆನ್‌ಲೈನಿನಲ್ಲಿ ಮಾರುವ ನೈಕಾ ಕಟ್ಟಿದರು. ಹೆಸರು ಬಂದದ್ದು ನಾಯಿಕಾ ಎಂಬ ಪದದಿಂದ. 2021ರ ನವೆಂಬರ್ 10ರಂದು ತಮ್ಮದೇ ಕಂಪನಿಯನ್ನು ಷೇರುಪೇಟೆಗೆ ತಂದರು. 1,125 ರೂಪಾಯಿಗೆ ಕೊಟ್ಟ ಷೇರು ಬಾಗಿಲು ತೆರೆದ ಕೂಡಲೇ 2,000 ದಾಟಿತು. ಕಂಪನಿಯ ಬೆಲೆ ಒಂದೇ ದಿನದಲ್ಲಿ ಲಕ್ಷ ಕೋಟಿ ಮೀರಿತು. ಮರುವರ್ಷ ಚೆನ್ನಾಗಿ ಇಳಿಯಿತು ಅನ್ನುವುದನ್ನೂ ಹೇಳಿಬಿಡಬೇಕು.

ಇಲ್ಲೂ ಸಿನಿಮಾ ಬಾರದೆ ಇರಲಿಲ್ಲ. 2019ರಲ್ಲಿ ಕತ್ರಿನಾ ಕೈಫ್ ನೈಕಾ ಜೊತೆ ಸೇರಿ ಕೇ ಬ್ಯೂಟಿ ತಂದರು. 2022ರಲ್ಲಿ ದೀಪಿಕಾ ತಮ್ಮದೇ 82°ಇ ಶುರುಮಾಡಿದರು. ಭಾರತದ ಗಡಿಯಾರದ ಹೊತ್ತು ನಿರ್ಧರಿಸುವ ರೇಖಾಂಶದಿಂದ ಬಂದ ಹೆಸರು ಅದು. ಹಿಂದಿನ ನಟಿಯರು ಸೋಪಿನ ಪಕ್ಕ ನಿಂತು ನಗುತ್ತಿದ್ದರು. ಈಗಿನವರು ಸೋಪಿನ ಕಂಪನಿಯಲ್ಲೇ ಪಾಲು ಕೇಳುತ್ತಾರೆ. ಒಳ್ಳೆಯದೇ.

ಹಿಂದಿ ಸಿನಿಮಾದಲ್ಲಿ ಹೆಂಗಸರು ಮೇಕಪ್ ಮಾಡುವಂತಿರಲಿಲ್ಲ ಅನ್ನೋದು ನಿಜವಾ?

ನಿಜ. ಮತ್ತು ಅದು ಮುಗಿದದ್ದು 2014ರಲ್ಲಿ!

ಸೆಟ್‌ನಲ್ಲಿ ಕೆಲಸ ಬೇಕಾದರೆ ಸಂಘದ ಕಾರ್ಡ್ ಬೇಕು. ಮೇಕಪ್ ಮತ್ತು ಕೇಶಾಲಂಕಾರದವರ ಸಂಘ ಮೇಕಪ್ ಕಾರ್ಡನ್ನು ಗಂಡಸರಿಗೆ ಮಾತ್ರ ಕೊಡುತ್ತಿತ್ತು. ಹೆಂಗಸರು ಕೂದಲು ಬಾಚಬಹುದು, ಮುಖ ಮುಟ್ಟುವ ಹಾಗಿಲ್ಲ. ಕಾರಣ? ಹೆಂಗಸರು ಬಂದರೆ ಗಂಡಸರ ಹೊಟ್ಟೆಪಾಡು ಹೋಗುತ್ತದೆ ಎಂಬುದು. ಚಾರು ಖುರಾನಾ ಎಂಬ ಕಲಾವಿದೆ ಮೇಕಪ್ ಕಲಿತು ಬಂದಿದ್ದರು. ಸಂಘ ಕಾರ್ಡ್ ಕೊಡಲಿಲ್ಲ, ಅವರು ಬಿಡಲಿಲ್ಲ. ಸುಪ್ರೀಂ ಕೋರ್ಟ್ 2014ರ ನವೆಂಬರಿನಲ್ಲಿ ಆ ನಿಯಮ ಕಿತ್ತುಹಾಕಿತು. ಮಹಾರಾಷ್ಟ್ರದಲ್ಲಿ ಐದು ವರ್ಷ ನೆಲೆಸಿರಬೇಕು ಎಂಬ ಷರತ್ತೂ ಹೋಯಿತು.

ಒಂದು ಕ್ಷಣ ಯೋಚಿಸಿ. ಐಶ್ವರ್ಯಾ ಗೆದ್ದು 20 ವರ್ಷ ಆಗಿತ್ತು. ನಾಯಕಿಯ ಮುಖದಿಂದ ಕೋಟಿಗಟ್ಟಲೆ ವ್ಯಾಪಾರ ನಡೆಯುತ್ತಿತ್ತು. ಅದೇ ಮುಖಕ್ಕೆ ಬಣ್ಣ ಹಚ್ಚಲು ಇನ್ನೊಬ್ಬ ಹೆಂಗಸಿಗೆ ಅನುಮತಿ ಇರಲಿಲ್ಲ. ಈ ಪುಟದಲ್ಲಿರುವ ಎಲ್ಲ ಹೆಸರುಗಳಲ್ಲಿ ಕಡಿಮೆ ಜನಕ್ಕೆ ಗೊತ್ತಿರುವುದು ಚಾರು ಅವರದೇ ಇರಬೇಕು.

ಅಮಿತಾಭ್ ಬೆಂಗಳೂರಿನಿಂದಲೇ ಮುಳುಗಿದರು ಅಂತಾರೆ. ಏನದು?

ಬೆಂಗಳೂರಿಗೂ ಅವರಿಗೂ ಎರಡು ಸಲ ಸರಿಬರಲಿಲ್ಲ. 1982ರ ಜುಲೈ 26ರಂದು ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ಹೊಡೆದಾಟದ ದೃಶ್ಯ ತೆಗೆಯುವಾಗ ಹೊಟ್ಟೆಗೆ ಪೆಟ್ಟು ಬಿದ್ದು ಸಾವಿನ ಬಾಗಿಲಿಗೆ ಹೋಗಿ ಬಂದರು. ಅದು ಎಲ್ಲರಿಗೂ ಗೊತ್ತು.

ಎರಡನೆಯದು ದುಡ್ಡಿನ ಪೆಟ್ಟು. 90ರ ದಶಕದ ನಡುವೆ ಎಬಿಸಿಎಲ್ ಎಂಬ ಕಂಪನಿ ಕಟ್ಟಿದರು. ಸಿನಿಮಾ, ಟೀವಿ, ಹಾಡು, ಕಾರ್ಯಕ್ರಮ, ಎಲ್ಲ ಒಂದೇ ಸೂರಿನಡಿ. ಆಗಿನ ಕಾಲಕ್ಕೆ ಒಳ್ಳೆಯ ಯೋಚನೆಯೇ. 1996ರ ಮಿಸ್ ವರ್ಲ್ಡ್ ಸ್ಪರ್ಧೆಯನ್ನು ಬೆಂಗಳೂರಿಗೆ ತಂದರು. ಜೆ.ಎಚ್. ಪಟೇಲರ ಸರ್ಕಾರ ಬೆಂಬಲಿಸಿತು. ರೈತ ಸಂಘದ ನಂಜುಂಡಸ್ವಾಮಿ, ಮಹಿಳಾ ಸಂಘಟನೆಗಳು, ಎಡದವರು, ಬಲದವರು, ಎಲ್ಲ ಬೇರೆ ಬೇರೆ ಕಾರಣಕ್ಕೆ ಬೀದಿಗಿಳಿದರು. ಮದುರೈಯಲ್ಲಿ ಒಬ್ಬ ಯುವಕ ಬೆಂಕಿ ಹಚ್ಚಿಕೊಂಡು ಸತ್ತ. ಈಜುಡುಗೆ ಸುತ್ತು ಸೀಶೆಲ್ಸ್ ದ್ವೀಪಕ್ಕೆ ಹೋಯಿತು. ಚಿನ್ನಸ್ವಾಮಿ ಮೈದಾನದಲ್ಲಿ ನವೆಂಬರ್ 23ರಂದು ಪೊಲೀಸರ ಕಾವಲಿನಲ್ಲಿ ಗ್ರೀಸ್‌ನ ಹುಡುಗಿಗೆ ಕಿರೀಟ ತೊಡಿಸಿದರು. ಕಂಪನಿಗೆ ಉಳಿದದ್ದು ನಷ್ಟ.

ಇದೊಂದರಿಂದಲೇ ಮುಳುಗಿದರು ಅನ್ನುವುದು ಸರಿಯಲ್ಲ. ಸಿನಿಮಾಗಳೂ ಕೈಕೊಟ್ಟಿದ್ದವು. ಸುಮಾರು 90 ಕೋಟಿ ಸಾಲ ಮೈಮೇಲಿತ್ತು ಎಂದು ಅವರೇ ಹೇಳಿದ್ದಾರೆ. ಎತ್ತಿ ಹಿಡಿದದ್ದು ಟೀವಿ. 2000ದ ಜುಲೈ 3ರಂದು ಕೌನ್ ಬನೇಗಾ ಕರೋಡ್‌ಪತಿ ಶುರುವಾಯಿತು. ಅದೇ ರಾತ್ರಿ, ಅದೇ ಸ್ಟಾರ್ ಪ್ಲಸ್‌ನಲ್ಲಿ ಏಕ್ತಾ ಕಪೂರ್ ಅವರ ಅತ್ತೆ ಸೊಸೆ ಧಾರಾವಾಹಿಯೂ ಶುರುವಾಯಿತು. ಒಂದೇ ರಾತ್ರಿಯಲ್ಲಿ ದೇಶದ ಊಟದ ಹೊತ್ತು ಬದಲಾಯಿತು ಅಂದರೂ ತಪ್ಪಿಲ್ಲ.

ಗಾಸಿಪ್ ಪತ್ರಿಕೆಗಳು ಶುರುವಾದದ್ದು ಹೇಗೆ?

ಮೊದಲು ಬಾಬುರಾವ್ ಪಟೇಲ್ ಇದ್ದರು. 1935ರಲ್ಲಿ ಫಿಲ್ಮ್‌ಇಂಡಿಯಾ ಶುರುಮಾಡಿ, ವಿಮರ್ಶೆ ಹೆಸರಲ್ಲಿ ಯಾರನ್ನು ಬೇಕಾದರೂ ಸುಲಿಯುತ್ತಿದ್ದರು. 1952ರಲ್ಲಿ ಟೈಮ್ಸ್ ಸಂಸ್ಥೆಯ ಫಿಲ್ಮ್‌ಫೇರ್ ಬಂತು. ಅದು ಮರ್ಯಾದಸ್ಥ. 1954ರಲ್ಲಿ ಪ್ರಶಸ್ತಿ ಕೊಡಲು ಶುರುಮಾಡಿದಾಗ ಇದ್ದದ್ದು ಐದೇ ವಿಭಾಗ.

ಮರ್ಯಾದೆ ಮುರಿದದ್ದು 1971ರಲ್ಲಿ, ಸ್ಟಾರ್‌ಡಸ್ಟ್. ಮಾಲೀಕ ನಾರಿ ಹೀರಾ ಜಾಹೀರಾತು ಏಜೆನ್ಸಿ ನಡೆಸುತ್ತಿದ್ದವರು. ಸಂಪಾದಕಿ, ಅದೇ ಏಜೆನ್ಸಿಯಲ್ಲಿ ಕಾಪಿ ಬರೆಯುತ್ತಿದ್ದ 23ರ ಹುಡುಗಿ. ಮುಂದೆ ಶೋಭಾ ಡೇ ಎಂದು ಹೆಸರಾದವರು. ಸಿನಿಮಾದ ಹುಚ್ಚೇ ಇಲ್ಲದವರ ಕೈಗೆ ಸಿನಿಮಾ ಪತ್ರಿಕೆ ಸಿಕ್ಕಿತು, ಅದಕ್ಕೇ ಭಯ ಭಕ್ತಿ ಎರಡೂ ಇರಲಿಲ್ಲ. ಇಂಗ್ಲಿಷಿಗೆ ಹಿಂದಿ ಬೆರೆಸಿ ಬರೆದರು. ಜನ ಮುಗಿಬಿದ್ದು ಓದಿದರು.

ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳ ಬಾಯಿ ಕಟ್ಟಿಸಿದ್ದರ ಹಿಂದೆ ಅಮಿತಾಭ್ ಕೈವಾಡ ಇದೆ ಎಂದು ಈ ಪತ್ರಿಕೆಗಳಿಗೆ ಅನುಮಾನ ಬಂತು. ವರ್ಷಗಟ್ಟಲೆ ಅವರ ಹೆಸರನ್ನೂ ಚಿತ್ರವನ್ನೂ ಹಾಕಲಿಲ್ಲ. ಅವರೂ ಪತ್ರಿಕೆಯವರನ್ನು ಹತ್ತಿರ ಸೇರಿಸಲಿಲ್ಲ. ದೇಶದ ನಂಬರ್ ಒನ್ ನಟನಾಗಿ ಅವರು ಮೆರೆದದ್ದು ಅದೇ ವರ್ಷಗಳಲ್ಲಿ. ಹಾಗಾದರೆ ಪತ್ರಿಕೆ ಬೇಕೇ ಬೇಕು ಅಂತೇನಿಲ್ಲ ಅಂದುಕೊಳ್ಳಬಹುದು. ನನ್ನ ಉತ್ತರ: ಅಮಿತಾಭ್‌ಗೆ ಬೇಕಾಗಿರಲಿಲ್ಲ. ಉಳಿದವರಿಗೆ ಬೇಕಿತ್ತು.

ಒಂದು ಪತ್ರಿಕೆ ಕೊಲೆ ಆರೋಪಿಯನ್ನು ಹೀರೋ ಮಾಡಿತಂತೆ?

ಬ್ಲಿಟ್ಜ್. ರೂಸಿ ಕರಂಜಿಯಾ 1941ರಲ್ಲಿ ಶುರುಮಾಡಿದ ವಾರಪತ್ರಿಕೆ. 1959ರಲ್ಲಿ ನೌಕಾಪಡೆಯ ಕಮಾಂಡರ್ ನಾನಾವತಿ ತಮ್ಮ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾ ಅವರನ್ನು ಗುಂಡಿಟ್ಟು ಕೊಂದರು. ಕರಂಜಿಯಾ ವಾರ ವಾರ ನಾನಾವತಿ ಪರ ಬರೆದರು. 25 ಪೈಸೆಯ ಪತ್ರಿಕೆ ಎರಡು ರೂಪಾಯಿಗೆ ಮಾರಾಟವಾಯಿತು. ಬೀದಿಯಲ್ಲಿ ನಾನಾವತಿ ಹೆಸರಿನ ಆಟಿಕೆ ಪಿಸ್ತೂಲು ಮಾರುತ್ತಿದ್ದರು. ಜ್ಯೂರಿಯವರು 8ಕ್ಕೆ 1ರಂತೆ ನಿರ್ದೋಷಿ ಎಂದರು. ಹೈಕೋರ್ಟ್ ಅದನ್ನು ತಳ್ಳಿ ಜೀವಾವಧಿ ಶಿಕ್ಷೆ ಕೊಟ್ಟಿತು. 1964ರಲ್ಲಿ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತ್ ಕ್ಷಮೆ ಕೊಟ್ಟರು. ಭಾರತದಲ್ಲಿ ಅದೇ ಕೊನೆಯ ಜ್ಯೂರಿ ವಿಚಾರಣೆ ಅನ್ನುವ ಮಾತು ಪೂರ್ತಿ ಸರಿಯಲ್ಲ. ಜ್ಯೂರಿ ಪದ್ಧತಿಯ ಮೇಲಿನ ನಂಬಿಕೆ ಅಲ್ಲಾಡಿತು ಅಷ್ಟೇ, ಆಮೇಲೂ ಕೆಲವು ನಡೆದವು.

ಮುಖ ತೋರಿಸದೆ ಹೆಸರು ಮಾಡಿದವರಿದ್ದಾರಾ?

ರೇಡಿಯೋ ನಿರೂಪಕ ಅಮೀನ್ ಸಯಾನಿ. 1952ರಲ್ಲಿ ಮಂತ್ರಿ ಬಿ.ವಿ. ಕೇಸ್ಕರ್ ಆಕಾಶವಾಣಿಯಿಂದ ಸಿನಿಮಾ ಹಾಡುಗಳನ್ನು ಹೊರಹಾಕಿದರು. ಕೇಸ್ಕರ್‌ಗೆ ಹಾಡು ಬೇಡವಾಯಿತು, ಕೇಳುವವರಿಗೆ ಬೇಕಿತ್ತು. ಬಿನಾಕಾ ಟೂತ್‌ಪೇಸ್ಟ್‌ನವರು ದುಡ್ಡು ಹಾಕಿದರು, ಸಯಾನಿ ಬಾಂಬೆಯಲ್ಲಿ ಕೂತು ಧ್ವನಿ ಮುದ್ರಿಸಿದರು, ಟೇಪು ಕೊಲಂಬೋಗೆ ಹೋಯಿತು, ರೇಡಿಯೋ ಸಿಲೋನ್‌ನಿಂದ ಅದೇ ಹಾಡು ಮತ್ತೆ ಭಾರತದ ಮನೆಮನೆಗೆ ಬಂತು. ಬುಧವಾರ ರಾತ್ರಿ ಎಂಟು ಗಂಟೆ. 1957ರಲ್ಲಿ ಸರ್ಕಾರವೇ ಸೋತು ವಿವಿಧ ಭಾರತಿ ಶುರುಮಾಡಿತು.

ಜಾಹೀರಾತಿನವರನ್ನು ಹೆಸರುವಾಸಿಗಳು ಅನ್ನಬಹುದಾ?

ಆಲಿಕ್ ಪದಂಸೀ ಅವರನ್ನು ಖಂಡಿತ ಅನ್ನಬಹುದು. ಲಿಂಟಾಸ್ ಏಜೆನ್ಸಿಯ ಮುಖ್ಯಸ್ಥ, ನಾಟಕದ ನಿರ್ದೇಶಕ, 1982ರ ಗಾಂಧಿ ಚಿತ್ರದಲ್ಲಿ ಜಿನ್ನಾ. ಜಲಪಾತದಡಿ ಕುಣಿದ ಲಿರಿಲ್ ಹುಡುಗಿ ಇವರ ತಂಡದ್ದು. ನಿರ್ಮಾ ಅಗ್ಗದ ಬೆಲೆಗೆ ಸರ್ಫ್‌ಗೆ ನೀರು ಕುಡಿಸುತ್ತಿದ್ದಾಗ, ಚೌಕಾಸಿ ಮಾಡುವ ಗೃಹಿಣಿ ಲಲಿತಾಜಿಯನ್ನು ತಂದವರೂ ಇವರೇ. ಲಲಿತಾಜಿಗೆ ಮಾದರಿ ತಮ್ಮ ತಾಯಿ ಎನ್ನುತ್ತಿದ್ದರು. ಮನೆಯಲ್ಲಿ ದುಡ್ಡಿಗೆ ಕೊರತೆ ಇಲ್ಲದಿದ್ದರೂ ತರಕಾರಿಯವನ ಹತ್ತಿರ ಪೈಸೆ ಪೈಸೆಗೂ ವಾದ ಮಾಡುತ್ತಿದ್ದರಂತೆ.

ವ್ಯಾಪಾರ ಅಂದರೆ ಟಾಟಾ, ಅಂಬಾನಿ ಇಬ್ಬರೇನಾ?

ಅವರ ಬಗ್ಗೆ ಬೇಕಾದಷ್ಟು ಬರೆದಾಗಿದೆ. 1959ರ ಮಾರ್ಚ್ 15ರಂದು ಗಿರ್ಗಾಂವಿನ ಒಂದು ಕಟ್ಟಡದ ತಾರಸಿಯಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಿದರು. ಅದೇ ಲಿಜ್ಜತ್. ಆ ಏಳರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಮುಖಪುಟಕ್ಕೆ ಬರಲು 62 ವರ್ಷ.

ಪೇಜ್ 3ರಲ್ಲಿ ಬರಲು ದುಡ್ಡು ಕೊಡಬೇಕಾ?

ಪಾರ್ಟಿ, ಹೆಸರುವಾಸಿಗಳ ಫೋಟೋ ಬರುವ ಆ ಪುಟದ್ದು ಗುಟ್ಟೇನಿಲ್ಲ. 2000ದ ದಶಕದ ಶುರುವಿನಲ್ಲಿ ಟೈಮ್ಸ್ ಸಂಸ್ಥೆ ಮೀಡಿಯಾನೆಟ್ ಎಂಬ ವಿಭಾಗ ತೆರೆದು ಪುರವಣಿಗಳಲ್ಲಿ ಬರುವ ಪ್ರಚಾರಕ್ಕೆ ದರ ಇಟ್ಟಿತು. ಬಾಂಬೆ ಟೈಮ್ಸ್ ಪುರವಣಿಯ ತಲೆಬರಹದ ಹತ್ತಿರ ಸಣ್ಣ ಅಕ್ಷರದಲ್ಲಿ ಇದು ಮನರಂಜನೆಯ ಪ್ರಚಾರ ಎಂದು ಅಚ್ಚಾಗಿರುತ್ತದೆ. ಬೆಂಗಳೂರಿನ ಪುರವಣಿಯಲ್ಲೂ ಹುಡುಕಿ ನೋಡಿ, ಕನ್ನಡಕ ಬೇಕಾಗಬಹುದು. ಕಿರೀಟ ತೊಡಿಸುವವರು, ಪ್ರಶಸ್ತಿ ಕೊಡುವವರು, ಫೋಟೋ ಹಾಕುವವರು, ಜಾಹೀರಾತು ಪಡೆಯುವವರು, ಎಲ್ಲ ಒಂದೇ ಮನೆಯವರಾದಾಗ ಸುದ್ದಿ ಯಾವುದು, ಮಾರಾಟ ಯಾವುದು ಎಂದು ಓದುಗರೇ ನೋಡಿಕೊಳ್ಳಬೇಕು.

ಮುಂಬೈಗೆ ಹೋದರೆ ಇವರ ಮನೆ ನೋಡಬಹುದಾ?

ಹೊರಗಿನಿಂದ. ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಶಾರುಖ್ ಅವರ ಮನ್ನತ್, ಜುಹುವಿನಲ್ಲಿ ಅಮಿತಾಭ್ ಅವರ ಜಲ್ಸಾ, ಆಲ್ಟಮೌಂಟ್ ರಸ್ತೆಯಲ್ಲಿ ಅಂಬಾನಿಯವರ 27 ಮಹಡಿಯ ಆಂಟಿಲಿಯಾ. ನನ್ನನ್ನು ಕೇಳಿದರೆ ವರ್ಲಿ ಸಮುದ್ರದಂಡೆಗೆ ಹೋಗಿ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನ ಪ್ರತಿಮೆ ಇದೆ. ಕಾವಲಿನವರು ಓಡಿಸುವುದಿಲ್ಲ.

ದೇವಿಕಾ ರಾಣಿ ಕೊನೆಗೆ ಏನಾದರು?

ಬೆಂಗಳೂರಿಗೆ ಬಂದರು. 1945ರಲ್ಲಿ ಸಿನಿಮಾ ಬಿಟ್ಟು ರಷ್ಯಾದ ಚಿತ್ರಕಾರ ಸ್ವೆತೋಸ್ಲಾವ್ ರೋರಿಕ್ ಅವರನ್ನು ಮದುವೆಯಾದರು. ಆಮೇಲೆ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿದರು. ಮೊದಲ ಫಾಲ್ಕೆ ಪ್ರಶಸ್ತಿ, 1969ನೇ ಸಾಲಿನದು, ಇವರಿಗೇ ಬಂತು. ಇವರು ಮತ್ತೆ ಪರದೆಗೆ ಮರಳಲಿಲ್ಲ. 1994ರ ಮಾರ್ಚ್ 9ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಎಸ್ಟೇಟಿಗಾಗಿ ಆಮೇಲೆ ವರ್ಷಗಟ್ಟಲೆ ಕೋರ್ಟು ಕಚೇರಿ ನಡೆದು, 2011ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅದು ಸರ್ಕಾರಕ್ಕೆ ಉಳಿಯಿತು.

ಆ ತೋಟದಲ್ಲಿ ಗಂಡ ಹೆಂಡತಿ ಬೆಳೆಸಿದ್ದು ಕಾಫಿಯಲ್ಲ, ತೆಂಗಲ್ಲ. ಲಿನಲೋ ಎಂಬ ಮರ. ಅದರಿಂದ ತೆಗೆಯುವ ಎಣ್ಣೆ ಸುಗಂಧ ಮಾಡುವ ಕಂಪನಿಗಳಿಗೆ ಹೋಗುತ್ತಿತ್ತು.